ಸಮೀಪದ ಶಿಸ್ತು

ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಕಿರಿದಾದ ವಿಶಾಲಕೋನ ಮಸೂರವೊಂದನ್ನು ತೊಡಿಸಿ ಬಹುಕಾಲ ತಿರುಗಿದವರಿಗೆ ಅದರ ದೋಷಗಳು ಅಪರಿಚಿತವಲ್ಲ. ಮಸೂರದ ಹಿಂಬದಿ ಸಂವೇದಕಕ್ಕೆ ತೀರ ಸಮೀಪವಿರುವುದರಿಂದ ಅಂಚುಗಳಲ್ಲಿ ಬೆಳಕು ಓರೆಯಾಗಿ ಬೀಳುತ್ತದೆ. ಚಿತ್ರದ ಮೂಲೆಗಳು ಮಂಕಾಗುತ್ತವೆ, ಒಮ್ಮೊಮ್ಮೆ ಬಣ್ಣವೂ ಕೆಡುತ್ತದೆ. ಫಿಲಂ ಈ ಓರೆ ಬೆಳಕನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ಆದರೂ ಈ ಮಸೂರದ ಪರವಾಗಿ ನಾನು ಎರಡು ಮಾತು ಹೇಳಬೇಕಾಗಿದೆ.

ಚಾಮರಾಜನಗರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೨೬ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ಮುಂದೆ ನಿಂತರೆ, ೨೮ ಮಿಲಿಮೀಟರಿನ ಮಸೂರವು ಗೋಪುರದೊಡನೆ ಅದರ ನೆರಳಿನಲ್ಲಿ ಕುಳಿತವರನ್ನೂ ಒಂದೇ ಚೌಕಟ್ಟಿಗೆ ತರುತ್ತದೆ. ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಅದರ ಪಾಠ ಇನ್ನೂ ಕಠಿಣವಾದದ್ದು. ಮುಂಗಾರಿನಲ್ಲಿ ಅರಳುವ ಸೂರ್ಯಕಾಂತಿಯನ್ನು ರಸ್ತೆಯಿಂದಲೇ ತೆಗೆದರೆ ಹೂವೆಲ್ಲ ಹಳದಿ ಚುಕ್ಕೆ. ಹೂವು ಹೂವಾಗಿ ಕಾಣಬೇಕಾದರೆ ಹೊಲಕ್ಕೆ ಇಳಿಯಬೇಕು. ಇಳಿಯುವ ಮುನ್ನ ಹೊಲದವರ ಅಪ್ಪಣೆ ಕೇಳಬೇಕು. ವಾಹನ ನಿಲ್ಲಿಸಿದವರಿಗೆ ನೋಟವಾಗಿ ಕಾಣುವುದು ರೈತರಿಗೆ ಎಣ್ಣೆಕಾಳಿನ ಫಸಲು. ತುಳಿದ ಪ್ರತಿಯೊಂದು ಗಿಡವೂ ನಷ್ಟವೇ.

ಚಿತ್ರದ ಮೂಲೆಯ ಮಂಕನ್ನು ಗಣಕಯಂತ್ರವು ತಿದ್ದಿಕೊಟ್ಟೀತು. ಹತ್ತಿರ ಹೋಗಿ, ಕೇಳಿ, ಬಳಿಕ ತೆಗೆಯುವ ಶಿಸ್ತನ್ನು ಛಾಯಾಗ್ರಾಹಕನೇ ಕಲಿಯಬೇಕು.