ಹುಟ್ಟಿನ ಗುಣವೋ, ನೀರಿನ ಗುಣವೋ?

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾವು ದಿನವೂ ಆಡುತ್ತೇವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬುದನ್ನೂ ಅದೇ ಬಾಯಲ್ಲಿ ಆಡುತ್ತೇವೆ. ಮೊದಲನೆಯದು ಹುಟ್ಟಿನ ಪಕ್ಷ. ಎರಡನೆಯದು ಸಾಕಣೆಯ ಪಕ್ಷ. ಎರಡರಲ್ಲಿಯೂ ಸತ್ಯವುಂಟು. ಆದರೆ ಎಲ್ಲಿ ಯಾವುದನ್ನು ಹೇಳಬೇಕೆಂದು ವಿಚಾರಿಸದೆ ಆಡಿದರೆ ಎರಡರಿಂದಲೂ ಅನ್ಯಾಯವಾಗುವುದು.

ಚೆನ್ನಕೇಶವನ ದೇವಾಲಯದಿಂದ ಹೆಸರಾದ ಹೊಸದುರ್ಗ ತಾಲ್ಲೂಕಿನ ಬಾಗೂರು ಚಿತ್ರದುರ್ಗ ಜಿಲ್ಲೆಗೆ ಸೇರಿದುದು. ಈ ಜಿಲ್ಲೆ ಮಳೆ ಕಡಮೆಯಾದ ಸೀಮೆ. ಇಲ್ಲಿಯ ಅನೇಕ ಊರುಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಮಿತಿಗಿಂತ ಹೆಚ್ಚಾಗಿದೆ. ನೆಲದೊಳಗಿನ ಬಂಡೆಯಲ್ಲಿರುವ ಈ ಅಂಶವು ನೀರಿನಲ್ಲಿ ಕರಗಿ ಬರುತ್ತದೆ. ಒಂದು ಲೀಟರ್ ನೀರಿನಲ್ಲಿ ಅದು 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ದೊರೆಯದ ಕಡೆಯೂ 1.5 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನಕದ ನಿಯಮ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇಂತಹ ನೀರನ್ನು ಕುಡಿದ ಮಕ್ಕಳ ಹಲ್ಲುಗಳಲ್ಲಿ ಹಳದಿ ಅಥವಾ ಕಂದು ಕಲೆಗಳು ನಿಲ್ಲುವುವು. ಬಹುಕಾಲ ಹೆಚ್ಚಾಗಿ ಕುಡಿದವರಿಗೆ ಮೂಳೆ ಕೀಲುಗಳೂ ಬಿಗಿಯುವುವು.

ಅಜ್ಜಿ, ತಾಯಿ, ಮಗಳು ಮೂವರ ಹಲ್ಲಿನಲ್ಲಿಯೂ ಒಂದೇ ಕಲೆ ಕಂಡಾಗ, ಇದು ಆ ಮನೆತನದ ದೋಷವೆಂದು ಹೇಳಿಬಿಡುವುದು ಬಹು ಸುಲಭ. ಹೆಣ್ಣು ನೋಡಲು ಬಂದವರು ಆ ಮಾತನ್ನೇ ಹಿಡಿದು ಹಿಂದಿರುಗಿದರೆ ಹುಡುಗಿಯ ಬಾಳಿಗೆ ಎಂತಹ ಪೆಟ್ಟು! ನಿಜವನ್ನು ತಿಳಿಯಲು ಮನೆಯವರೇ ಮಾಡಬಹುದಾದ ಪರೀಕ್ಷೆಯೊಂದುಂಟು. ಒಳ್ಳೆಯ ನೀರಿನ ಊರಿನಲ್ಲಿ ಬೆಳೆದು ಬಂದ ಸೊಸೆಯ ಹಲ್ಲು ಬೆಳ್ಳಗಿದ್ದು, ಆಕೆಯ ಮಕ್ಕಳ ಹಲ್ಲು ಕಲೆಯಾಗಿದ್ದರೆ, ಅದೇ ವಂಶದವರಾಗಿ ಬೇರೆ ಊರಿನಲ್ಲಿ ಬೆಳೆದ ದಾಯಾದಿಗಳ ಮಕ್ಕಳಿಗೆ ಕಲೆಯಿಲ್ಲದಿದ್ದರೆ, ಅಪರಾಧಿ ರಕ್ತವಲ್ಲ, ಬಾವಿಯ ನೀರು.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಸೊಂಟ ಮಂಡಿಗಳ ಕೀಲು ಕೆಟ್ಟು ಜನರು ನಡೆಯಲಾರದೆ ಹೋಗುವ ರೋಗವೊಂದು ಬೆಳಕಿಗೆ ಬಂದಿತು. ಗದ್ದೆಗೆ ಹೊಡೆದ ಕೀಟನಾಶಕವು ಅಲ್ಲಿನ ಏಡಿಗಳ ಮೂಲಕ ಬಡವರ ಹೊಟ್ಟೆ ಸೇರಿತೆಂದು ಮೊದಲು ಶಂಕಿಸಲಾಯಿತು. ಮುಂದೆ ಮನೆ ಮನೆಯ ವಂಶಾವಳಿಯನ್ನು ಪರಿಶೀಲಿಸಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ರೋಗವೆಂದು ತಿಳಿಯಿತು. ತಂದೆ ತಾಯಿಗಳಲ್ಲಿ ಒಬ್ಬರಿಗೆ ಇದ್ದರೂ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಅಲ್ಲಿ ನೆಲವನ್ನು ದೂರಿ ವಂಶವನ್ನು ಮರೆತರು. ಇಲ್ಲಿ ವಂಶವನ್ನು ದೂರಿ ನೆಲವನ್ನು ಮರೆಯುತ್ತಾರೆ.

ಆದರೆ ಬಹುಪಾಲು ಸಂಗತಿಗಳಲ್ಲಿ ಎರಡೂ ಕೂಡಿಯೇ ಕೆಲಸ ಮಾಡುತ್ತವೆ. ಬೇರೆ ಬೇರೆ ತಳಿಯ ಇಲಿಗಳಿಗೆ ಒಂದೇ ಪ್ರಮಾಣದ ಫ್ಲೋರೈಡ್ ಕೊಟ್ಟರೆ ಒಂದು ತಳಿಯ ಹಲ್ಲು ಬೇಗ ಕೆಡುವುದು, ಇನ್ನೊಂದರದು ಅಷ್ಟಾಗಿ ಕೆಡದು. ಫೀನೈಲ್‌ಕೀಟೋನೂರಿಯ ಎಂಬುದು ಶುದ್ಧ ವಂಶವಾಹಿಯ ದೋಷ. ಚಿಕಿತ್ಸೆಯಿಲ್ಲದಿದ್ದರೆ ಮಗುವಿನ ಬುದ್ಧಿ ಕುಂಠಿತವಾಗುವುದು. ಆದರೂ ಹುಟ್ಟಿದೊಡನೆ ಕಂಡುಹಿಡಿದು ತಕ್ಕ ಪಥ್ಯದಲ್ಲಿಟ್ಟರೆ ಆ ಮಗುವು ಇತರರಂತೆಯೇ ಬೆಳೆಯಬಲ್ಲುದು. ಹುಟ್ಟಿನಿಂದ ಬಂದುದೆಲ್ಲ ಹಣೆಯಬರಹವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ಪರಿಸರವೆಂಬುದು ತೊಟ್ಟಿಲಿನಿಂದ ಆರಂಭವಾಗುವುದೂ ಅಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದವರ ತೂಕವನ್ನು ದಾಖಲೆಗಳಿಂದ ತೆಗೆದು, ಅವರು ದೊಡ್ಡವರಾದ ಮೇಲೆ ಪರೀಕ್ಷಿಸಿದ ಫಲವು 1996ರಲ್ಲಿ ಪ್ರಕಟವಾಯಿತು. ಕಡಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗವು ಹೆಚ್ಚಾಗಿ ಕಂಡಿತು. ಬಸುರಿಯ ಊಟದ ಎಲೆಯೂ ಮಗುವಿನ ಪರಿಸರವೇ ಎಂಬುದನ್ನು ಅತ್ತೆಯರೂ ಗಂಡಂದಿರೂ ನೆನಪಿನಲ್ಲಿಡತಕ್ಕದ್ದು.

ಸ್ವಭಾವದ ವಿಷಯವೂ ಇದಕ್ಕೆ ಹೊರತಲ್ಲ. ಒಂದೇ ಅಂಡದಿಂದಾದ ಅವಳಿಗಳು ಬೇರೆ ಅವಳಿಗಳಿಗಿಂತ ಗುಣದಲ್ಲಿ ಹೆಚ್ಚು ಹೋಲುತ್ತಾರೆ. ಆದರೂ ಒಬ್ಬರ ಪಡಿಯಚ್ಚು ಇನ್ನೊಬ್ಬರಾಗುವುದಿಲ್ಲ. ಕೋಪಕ್ಕೊಂದು, ಓದಿಗೊಂದು ಎಂದು ಬೇರೆ ಬೇರೆ ವಂಶವಾಹಿಗಳಿಲ್ಲ. ಅನೇಕ ವಂಶವಾಹಿಗಳ ಸಣ್ಣ ಸಣ್ಣ ಒಲವುಗಳು ಮನೆ, ಶಾಲೆ, ಆಹಾರ, ನಿದ್ರೆಗಳೊಡನೆ ಕೂಡಿ ಸ್ವಭಾವವಾಗುತ್ತವೆ. ಅಪ್ಪನ ಮುಂಗೋಪವೇ ನಿನಗೂ ಬಂದಿದೆ ಎಂದು ಮಗುವಿಗೆ ದಿನವೂ ಹೇಳುವ ತಾಯಿಯು ಆ ಮಾತಿನಿಂದಲೇ ಅದರ ಪರಿಸರವನ್ನು ಕೆಡಿಸುತ್ತಿರುತ್ತಾಳೆ.

ಫ್ಲೋರೈಡ್ ಇರುವ ಸೀಮೆಯ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೆ. ಮನೆಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿರಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುವುದು. ಶುಚಿಯಾಗಿ ಹಿಡಿದಿಟ್ಟ ಮಳೆಯ ನೀರು, ಇಲ್ಲವೆ ತಕ್ಕ ಯಂತ್ರದಿಂದ ಶುದ್ಧಿಮಾಡಿದ ನೀರು ಮಕ್ಕಳ ಪಾಲಿಗಿರಲಿ. ಹಾಲು, ರಾಗಿ, ಸೊಪ್ಪುಗಳು ಊಟದಲ್ಲಿರಲಿ. ಸಂಬಂಧ ಬೆಳೆಸುವಾಗ ಹುಡುಗಿಯ ಹಲ್ಲಿನ ಕಲೆಯನ್ನು ಕಂಡರೆ, ಆಕೆಯ ಕುಲವನ್ನು ಜರೆಯುವ ಮೊದಲು ಆಕೆ ಯಾವ ಬಾವಿಯ ನೀರು ಕುಡಿದು ಬೆಳೆದಳೆಂದು ಕೇಳಿರಿ.