‘ಇದ್ದರು’ ಅಲ್ಲ, ‘ಇದ್ದಾರೆ’

ನಮ್ಮ ಸಂಘದಲ್ಲಿ ಪ್ರತಿ ಭಾನುವಾರ ನಡೆಯುವ ಕನ್ನಡ ತರಗತಿಗೆ ಬರುವ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಕಳೆದ ತಿಂಗಳು ತನ್ನ ಶಾಲೆಯ ಪ್ರಾಜೆಕ್ಟ್ ಪುಸ್ತಕವನ್ನು ಹೆಮ್ಮೆಯಿಂದ ನನ್ನ ಮುಂದಿಟ್ಟಳು. ವಿಷಯ: ಆಸ್ಟ್ರೇಲಿಯಾದ ಕರಾವಳಿಯ ಮೂಲನಿವಾಸಿಗಳು. ಅಂತರಜಾಲದಿಂದ ತೆಗೆದ ಚಿತ್ರಗಳನ್ನು ಅಚ್ಚುಕಟ್ಟಾಗಿ ಅಂಟಿಸಿದ್ದಳು. ಒಂದು ಬೂಮರಾಂಗ್, ಒಂದು ಡಿಡ್ಜೆರಿಡೂ ವಾದ್ಯ, ಮುಖಕ್ಕೆ ಬಿಳಿಯ ಬಣ್ಣ ಬಳಿದುಕೊಂಡ, ಹೆಸರಿಲ್ಲದ ಒಬ್ಬ ಮನುಷ್ಯ. ಹಿನ್ನೆಲೆಯಲ್ಲಿ ಉಲುರು ಎಂಬ ಕೆಂಪು ಬಂಡೆ. ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ, ಖಂಡದ ನಟ್ಟನಡುವಿನ ಮರುಭೂಮಿಯಲ್ಲಿರುವ ಆ ಬಂಡೆ ಕರಾವಳಿಯ ಪುಟಕ್ಕೆ ಹೇಗೆ ಬಂತೆಂದು ಯಾರೂ ಕೇಳಿರಲಿಲ್ಲ. ಹತ್ತಕ್ಕೆ ಹತ್ತು ಅಂಕ ಬಿದ್ದಿತ್ತು. ಬರವಣಿಗೆಯೆಲ್ಲ ಭೂತಕಾಲದಲ್ಲಿ: ಅವರು ಮೀನು ಹಿಡಿಯುತ್ತಿದ್ದರು, ಹಾಡುತ್ತಿದ್ದರು, ಕುಣಿಯುತ್ತಿದ್ದರು. “ಈಗ ಅವರೆಲ್ಲ ಎಲ್ಲಿದ್ದಾರಮ್ಮ?” ಎಂದು ಕೇಳಿದೆ. “ಈಗ ಇಲ್ಲ ಸರ್, ಅದೆಲ್ಲ ಹಿಂದಿನ ಕಾಲದ್ದು” ಎಂದಳು.

ಆ ಉತ್ತರ ನನ್ನನ್ನು ಇಂದಿಗೂ ಕಾಡುತ್ತಿದೆ. 2021ರ ಜನಗಣತಿಯಲ್ಲಿ 8,12,728 ಮಂದಿ ತಾವು ಅಬಾರಿಜಿನಲ್ ಜನರೆಂದು ಇಲ್ಲವೆ ಟಾರೆಸ್ ಜಲಸಂಧಿಯ ದ್ವೀಪವಾಸಿಗಳೆಂದು ಬರೆಸಿದ್ದಾರೆ. ಬದುಕಿರುವ ಇಷ್ಟು ಜನರನ್ನು ಒಂದು ಶಾಲಾ ಪುಸ್ತಕ ಸದ್ದಿಲ್ಲದೆ ಇಲ್ಲವಾಗಿಸಿತ್ತು. ತಪ್ಪು ಮಗುವಿನದಲ್ಲ. ಮೊದಲು ಸಿಕ್ಕಿದ ಚಿತ್ರಕ್ಕೆ ತೃಪ್ತರಾಗಿ, ‘ಇದನ್ನು ಹೇಳುತ್ತಿರುವವರು ಯಾರು?’ ಎಂದು ಕೇಳಲು ಕಲಿಸದ ಹಿರಿಯರಾದ ನಮ್ಮದು. ಅಂತರಜಾಲವನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ಅದು ಮಾಡುವ ಕೆಡುಕನ್ನು ಸರಿಪಡಿಸುವ ಮದ್ದೂ ಅದರಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ. ನಾವು ಬಾಲಕರಾಗಿದ್ದಾಗ ದೂರದ ಜನರ ಬಗ್ಗೆ ಓದಿದ್ದೆಲ್ಲ ಅನ್ಯರು ಬರೆದುದು. ಇಂದಿನ ಮಕ್ಕಳಿಗಾದರೋ ಆ ಜನರ ಮಾತನ್ನು ಅವರ ಬಾಯಿಂದಲೇ ಕೇಳುವ ಅವಕಾಶ ಒದಗಿದೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ‘ಅಬಾರಿಜಿನಲ್ ಸಂಸ್ಕೃತಿ’ ಎಂಬ ಒಂದೇ ಸಂಸ್ಕೃತಿ ಇಲ್ಲವೆಂಬಲ್ಲಿಂದ. ಬ್ರಿಟಿಷರು 1788ರಲ್ಲಿ ಬಂದಿಳಿದಾಗ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಕ್ಯಾನ್‌ಬೆರಾದಲ್ಲಿರುವ ಅಬಾರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪವಾಸಿಗಳ ಅಧ್ಯಯನ ಸಂಸ್ಥೆಯ ಭೂಪಟವನ್ನು ಪರದೆಯ ಮೇಲೆ ತೆರೆದರೆ ಬಣ್ಣಬಣ್ಣದ ನೂರಾರು ನಾಡುಗಳು ಕಾಣುತ್ತವೆ. ಡಿಡ್ಜೆರಿಡೂ ಮೂಲತಃ ಉತ್ತರದವರ ವಾದ್ಯ. ಬೂಮರಾಂಗ್ ಎಲ್ಲರ ಆಯುಧವೂ ಅಲ್ಲ. ಮಕ್ಕಳಿಂದ ಬಿಡಿಸಿಸುವ ಚುಕ್ಕೆಚಿತ್ರಗಳು 1970ರ ದಶಕದ ಆರಂಭದಲ್ಲಿ ಮಧ್ಯದ ಮರುಭೂಮಿಯ ಪಾಪುನ್ಯದಿಂದ ಪ್ರಸಿದ್ಧಿಗೆ ಬಂದವು. ತಮಿಳರನ್ನೂ ತೆಲುಗರನ್ನೂ ಮಲಯಾಳಿಗಳನ್ನೂ ನಮ್ಮನ್ನೂ ಒಟ್ಟಿಗೆ ‘ಮದ್ರಾಸಿ’ಗಳೆಂದು ಕರೆದ ನೆರೆಹೊರೆಯಲ್ಲಿ ಬಾಳಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂದಿನ ಭಾನುವಾರ ನಾನು ಆ ಭೂಪಟದಿಂದ ಒಂದೇ ಒಂದು ಕರಾವಳಿಯನ್ನು ಆರಿಸಿಕೊಂಡೆ: ಉತ್ತರದ ಆರ್ನ್‌ಹೆಮ್ ಲ್ಯಾಂಡಿನ ಪೂರ್ವ ತೀರ, ಯೊಲ್ಙು ಜನರ ನಾಡು. ಹೆಸರನ್ನು ಹಲಗೆಯ ಮೇಲೆ ಬರೆಯುತ್ತಲೇ ತರಗತಿಯಲ್ಲಿ ಗುಜುಗುಜು. ಕ ಖ ಗ ಘ ಎಂದು ಪಠಿಸುವಾಗ ಕೊನೆಗೆ ಬರುವ ಆ ‘ಙ’ಕಾರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು! ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಈ ಧ್ವನಿಗೆ ಒಂಟಿ ಅಕ್ಷರವಿಲ್ಲದ ಕಾರಣ ಯೊಲ್ಙು ಭಾಷೆಗಳನ್ನು ಬರೆಯಲು ಬಾಲವುಳ್ಳ ಹೊಸ ಅಕ್ಷರವೊಂದನ್ನು ಬಳಸಬೇಕಾಯಿತು. ನಮ್ಮ ಮಕ್ಕಳಿಗೆ ಅದು ಸಿದ್ಧವಾಗಿಯೇ ಇತ್ತು.

ಆ ತೀರಕ್ಕೆ ಇನ್ನೊಂದು ಕತೆಯೂ ಇದೆ. ಕನಿಷ್ಠ 18ನೆಯ ಶತಮಾನದಿಂದ, ಇಂದಿನ ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಮಕಾಸ್ಸರ್ ನಾವಿಕರು ಪ್ರತಿ ವರ್ಷ ಮಳೆಗಾಲದ ಗಾಳಿಯನ್ನು ಹಿಡಿದು ಹಾಯಿಹಡಗುಗಳಲ್ಲಿ ಅಲ್ಲಿಗೆ ಬರುತ್ತಿದ್ದರು. ಟ್ರೆಪಾಂಗ್ ಎಂಬ, ಸೌತೆಕಾಯಿಯಾಕಾರದ ಕಡಲಜೀವಿಯನ್ನು ಹಿಡಿದು, ಬೇಯಿಸಿ, ಒಣಗಿಸಿ, ಚೀನಾದ ಮಾರುಕಟ್ಟೆಗಾಗಿ ಒಯ್ಯುತ್ತಿದ್ದರು. ಗಾಳಿ ತಿರುಗಿದೊಡನೆ ಮರಳುತ್ತಿದ್ದರು. ಸರಕಾರದ ನಿರ್ಬಂಧದಿಂದ 1907ರಲ್ಲಿ ಈ ವ್ಯಾಪಾರ ನಿಂತುಹೋಯಿತು. ಆದರೆ ಅವರು ಬೀಡುಬಿಟ್ಟ ತಾಣಗಳಲ್ಲಿ ಹುಣಸೆಯ ಮರಗಳು ಉಳಿದವು. ಮಾತುಗಳೂ ಉಳಿದವು. ಯೊಲ್ಙು ಜನರು ಹಣವನ್ನು ಇಂದಿಗೂ ‘ರುಪಿಯ’ ಎನ್ನುತ್ತಾರೆ. ಸಂಸ್ಕೃತದ ರೂಪ್ಯ, ನಮ್ಮ ರೂಪಾಯಿ, ಇಂಡೋನೇಷ್ಯಾದ ರುಪಿಯಾ, ಯೊಲ್ಙು ಜನರ ರುಪಿಯ: ಒಂದೇ ಶಬ್ದದ ಕಡಲಯಾನ. ಜಗತ್ತಿನಿಂದ ಬೇರ್ಪಟ್ಟು ಗುಡಿಸಲಲ್ಲಿ ಕುಳಿತಿದ್ದ ‘ಕಾಡುಜನ’ ಎಂಬ ಕಲ್ಪನೆ ಮಕ್ಕಳ ಮನಸ್ಸಿನಲ್ಲಿ ಅಂದೇ ಕುಸಿಯಿತು.

ಇನ್ನು ಅವರ ಕಲೆ. ಅದನ್ನು ಗೋಡೆಯ ಅಲಂಕಾರವೆಂದು ತಿಳಿದರೆ ನಾವು ಏನನ್ನೂ ಕಲಿಯಲಿಲ್ಲವೆಂದೇ ಅರ್ಥ. ಬ್ಲೂ ಮಡ್ ಕೊಲ್ಲಿಯ ಬಳಿ, ಮೊಸಳೆಯ ರೂಪದ ಮೂಲಪುರುಷನಿಗೆ ಸೇರಿದ ಪವಿತ್ರ ಸ್ಥಳವೊಂದರಲ್ಲಿ 1996ರಲ್ಲಿ ಅಕ್ರಮವಾಗಿ ಮೀನು ಹಿಡಿಯಲು ಬಂದವರ ಬಿಡಾರ ಪತ್ತೆಯಾಯಿತು. ಅಲ್ಲಿ, ಗೋಣಿಚೀಲದೊಳಗೆ ಕಡಿದ ಮೊಸಳೆಯ ತಲೆಯಿತ್ತು. ಯೊಲ್ಙು ಜನರು ಕೈಗೆತ್ತಿಕೊಂಡದ್ದು ಕುಂಚವನ್ನು. 47 ಕಲಾವಿದರು ಮರದ ತೊಗಟೆಯ ಮೇಲೆ 80 ಚಿತ್ರಗಳನ್ನು ರಚಿಸಿದರು. ಯಾವ ಕುಲಕ್ಕೆ ಯಾವ ನೀರು, ಯಾವ ಪ್ರವಾಹ ಎಲ್ಲಿ ಕೂಡುತ್ತದೆ, ಯಾವ ಪೂರ್ವಜ ಎಲ್ಲಿ ನಡೆದ ಎಂಬ ಕಡಲಿನ ಹಕ್ಕುಪತ್ರಗಳವು. 1963ರಲ್ಲಿ ಯಿರ್ಕಲಾದ ಜನ ಗಣಿಗಾರಿಕೆಯನ್ನು ವಿರೋಧಿಸಿ ಸಂಸತ್ತಿಗೆ ಕಳುಹಿಸಿದ ಮನವಿಯೂ ತೊಗಟೆಯ ಚಿತ್ರದ ಚೌಕಟ್ಟಿನಲ್ಲಿಯೇ ಇತ್ತು. 2008ರ ಜುಲೈ 30ರಂದು ಆಸ್ಟ್ರೇಲಿಯಾದ ಹೈಕೋರ್ಟು ತೀರ್ಪಿತ್ತಿತು: ನಾರ್ದರ್ನ್ ಟೆರಿಟರಿಯಲ್ಲಿ ಅಬಾರಿಜಿನಲ್ ಜನರ ಒಡೆತನದ ತೀರದಲ್ಲಿ, ಉಬ್ಬರ ಇಳಿತಗಳ ನಡುವಿನ ನೀರಿಗೆ ಅನ್ಯರು ಇಳಿಯಬೇಕಾದರೆ ಆ ಒಡೆಯರ ಅನುಮತಿ ಬೇಕು. ಆ ಪ್ರಾಂತ್ಯದ ಕರಾವಳಿಯ ಸುಮಾರು ನೂರಕ್ಕೆ ಎಂಬತ್ತು ಭಾಗಕ್ಕೆ ಇದು ಅನ್ವಯಿಸುತ್ತದೆ. ಆ ಚಿತ್ರಗಳು ಇಂದು ಸಿಡ್ನಿಯ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದಲ್ಲಿವೆ. ಯಿರ್ಕಲಾದ ‘ಮುಲ್ಕ ಪ್ರಾಜೆಕ್ಟ್’ ಎಂಬ ಕೇಂದ್ರದಲ್ಲಿ ಯೊಲ್ಙು ಜನರೇ 2007ರಿಂದ ತಮ್ಮ ಹಾಡು, ಆಚರಣೆ, ನೆನಪುಗಳನ್ನು ಚಿತ್ರೀಕರಿಸಿ ಕಾಪಾಡುತ್ತಿದ್ದಾರೆ.

ಇಲ್ಲಿ ಶಿಕ್ಷಕರಿಗೊಂದು ಎಚ್ಚರಿಕೆ. ಅಲ್ಲಿಯ ಅನೇಕ ಜಾಲತಾಣಗಳನ್ನು ತೆರೆದೊಡನೆ, ತೀರಿಹೋದವರ ಚಿತ್ರ, ಹೆಸರು, ಧ್ವನಿಗಳು ಇದರಲ್ಲಿರಬಹುದು ಎಂಬ ಸೂಚನೆ ಕಾಣುತ್ತದೆ. ಮೃತರ ಹೆಸರನ್ನು ಶೋಕದ ಅವಧಿಯಲ್ಲಿ ಉಚ್ಚರಿಸದಿರುವುದು ಹಲವು ಸಮುದಾಯಗಳ ಮರ್ಯಾದೆ. ನಮ್ಮ ಮಕ್ಕಳು ಆ ಸೂಚನೆಯನ್ನು ಜಾಹೀರಾತಿನಂತೆ ತಳ್ಳಿಹಾಕಿ ಮುಂದೆ ಹೋಗುತ್ತಾರೆ. ಅಲ್ಲಿಯೇ ಅವರನ್ನು ನಿಲ್ಲಿಸಬೇಕು. ಕುಲದ ವಿನ್ಯಾಸಗಳಿಗೆ ಒಡೆಯರಿದ್ದಾರೆ. ನಕಲು ಮಾಡಿ ಬಣ್ಣ ತುಂಬುವುದು ಗೌರವವಲ್ಲ. ಬೆರಳ ತುದಿಗೆ ಸಿಕ್ಕುವುದೆಲ್ಲ ನಮ್ಮದಲ್ಲ ಎಂಬುದು ಈ ಯುಗದ ಮಕ್ಕಳು ಬೇರೆಲ್ಲಿಯೂ ಕಲಿಯದ ಪಾಠ.

“ನಮ್ಮ ಮಕ್ಕಳಿಗೆ ನಮ್ಮ ಕರಾವಳಿಯೇ ಗೊತ್ತಿಲ್ಲ, ಅವರ ಉಸಾಬರಿ ಏಕೆ?” ಎಂದು ಹಿರಿಯ ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರವೂ ಆ ತೀರದಿಂದಲೇ ಬಂದದ್ದು. ನಾರ್ದರ್ನ್ ಟೆರಿಟರಿಯ ಶಾಲೆಗಳಲ್ಲಿ 1973ರಲ್ಲಿ ದ್ವಿಭಾಷಾ ಶಿಕ್ಷಣ ಆರಂಭವಾಗಿ, ಊರಿನ ಹಿರಿಯರೂ ಶಿಕ್ಷಕರೂ ಕೂಡಿ ತಮ್ಮ ಭಾಷೆಗಳಲ್ಲಿ ಸಾವಿರಾರು ಪುಟ್ಟ ಪುಸ್ತಕಗಳನ್ನು ಮಾಡಿದರು. 2008ರಲ್ಲಿ, ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷಿನಲ್ಲಿಯೇ ಪಾಠ ನಡೆಯಬೇಕೆಂದು ಸರಕಾರ ಘೋಷಿಸಿತು. ಆ ಪುಸ್ತಕಗಳಲ್ಲಿ ಎಷ್ಟನ್ನೋ ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯ ಇಂದು ಅಂತರಜಾಲದಲ್ಲಿ ಜೋಪಾನವಾಗಿಟ್ಟಿದೆ. ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಬರಿದಾಗುವುದನ್ನು ಕಂಡ ಹೊರನಾಡಿಗರಿಗೆ ಇದು ಪರರ ಕತೆಯೆನಿಸೀತೆ? ನೆಲವನ್ನೂ ಮಕ್ಕಳನ್ನೂ ಕಳೆದುಕೊಂಡ ಅವರ ನೋವಿನೊಂದಿಗೆ ನಮ್ಮದನ್ನು ಸರಿದೂಗಿಸುವ ಧಾರ್ಷ್ಟ್ಯ ನನಗಿಲ್ಲ. ಭಾಷೆ ಉಳಿಯುವುದು ಮಕ್ಕಳ ಬಾಯಲ್ಲಿ ಎಂಬ ಅರಿವು ಮಾತ್ರ ಇಬ್ಬರದೂ ಒಂದೇ.

ಪರದೆಗೆ ಉಪ್ಪುನೀರಿನ ವಾಸನೆಯಿಲ್ಲ, ನಿಜ. ಆದರೂ ಒಂದು ಶಬ್ದ ಎಷ್ಟು ದೂರದಿಂದ ಬಂದು ತಟ್ಟಬಲ್ಲದು! ಸಿಡ್ನಿಯ ತೀರದಲ್ಲಿ 1790–91ರ ಸುಮಾರಿಗೆ ಪತ್ಯೆಗರಾಂಗ್ ಎಂಬ ತರುಣಿ ವಿಲಿಯಂ ಡಾಸ್ ಎಂಬ ಬ್ರಿಟಿಷ್ ಅಧಿಕಾರಿಗೆ ತನ್ನ ನುಡಿ ಕಲಿಸಿದಳು. ಆತನ ಟಿಪ್ಪಣಿ ಪುಸ್ತಕಗಳನ್ನು ಇಂದು ಯಾರು ಬೇಕಾದರೂ ಅಂತರಜಾಲದಲ್ಲಿ ನೋಡಬಹುದು. ಅವುಗಳಲ್ಲಿ ‘ಪುಟುವಾ’ ಎಂಬ ಕ್ರಿಯಾಪದವಿದೆ: ತನ್ನ ಕೈಯನ್ನು ಬೆಂಕಿಗೆ ಕಾಯಿಸಿಕೊಂಡು ಇನ್ನೊಬ್ಬರ ಬೆರಳುಗಳನ್ನು ಮೆಲ್ಲಗೆ ಒತ್ತುವುದು. ಇದನ್ನು ಹೇಳಿದಾಗ ತರಗತಿ ಕ್ಷಣಕಾಲ ಮೌನವಾಯಿತು. ಆ ಹುಡುಗಿ ಮಾತ್ರ ಕೇಳಿದಳು: “ಈ ಮಾತನ್ನು ಈಗಲೂ ಆಡುತ್ತಾರೆಯೆ ಸರ್?” ಮುರಿದ ಎಳೆಗಳನ್ನು ಕೂಡಿಸಿ ಆ ನುಡಿಯನ್ನು ಮತ್ತೆ ಕಲಿಯುತ್ತಿರುವವರು ಅಲ್ಲಿದ್ದಾರೆ ಎಂದು ಹೇಳಿದೆ.

ಸೋದರ ಸಂಘಗಳ ಕನ್ನಡ ತರಗತಿಗಳಲ್ಲಿಯೂ ಈ ಪ್ರಯೋಗ ನಡೆಯಲೆಂಬುದು ನನ್ನ ವಿನಂತಿ. ಒಂದು ಕರಾವಳಿ, ಒಂದು ಜನ, ಅವರದೇ ಧ್ವನಿ ಸಾಕು. ಮತ್ತು ಮಕ್ಕಳ ಪುಸ್ತಕದಲ್ಲಿ ‘ಇದ್ದರು’ ಎಂದು ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇರಲಿ. ವ್ಯಾಕರಣದ ತಪ್ಪನ್ನು ತಿದ್ದುವ ನಾವು ಇಷ್ಟನ್ನಾದರೂ ತಿದ್ದಬೇಡವೆ?