ಹೊಸ ಲಾರಿ, ಹಳೆ ಹೊಗೆ

2018ರ ಜುಲೈ 6, ಶುಕ್ರವಾರ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮುಖ್ಯಸ್ಥ ಸ್ಕಾಟ್ ಪ್ರುಯಿಟ್ ಅವರಿಗೆ ಹುದ್ದೆಯಲ್ಲಿ ಅದೇ ಕೊನೆಯ ದಿನ. ಒಂದರ ಹಿಂದೊಂದು ಹಗರಣದಲ್ಲಿ ಸಿಲುಕಿದ್ದ ಅವರು ಹಿಂದಿನ ದಿನವಷ್ಟೇ ರಾಜೀನಾಮೆ ಪ್ರಕಟಿಸಿದ್ದರು. ಅಂಥ ಹೊತ್ತಿನಲ್ಲಿ ಸಂಸ್ಥೆಯಿಂದ ಹೊರಬಿದ್ದದ್ದು ಎಂಜಿನ್ ಇಲ್ಲದೆ ಮಾರಾಟವಾಗುವ ಲಾರಿಗಳ ಕುರಿತ ಒಂದು ಭರವಸೆ ಪತ್ರ. ಒಬ್ಬ ತಯಾರಕ ವರ್ಷಕ್ಕೆ 300ಕ್ಕಿಂತ ಹೆಚ್ಚು ಗ್ಲೈಡರ್ ಲಾರಿ ಕಟ್ಟಬಾರದೆಂಬ ಮಿತಿಯನ್ನು ಮೀರಿದರೂ ಸದ್ಯಕ್ಕೆ ಕ್ರಮ ಜರುಗಿಸುವುದಿಲ್ಲ ಎಂಬುದು ಅದರ ಸಾರ. ಅಧಿಕಾರ ಬಿಡುವ ದಿನ ಕಡತಗಳಿಗೆ ಕಾಲು ಬರುವುದು ನಮ್ಮಲ್ಲಿ ಮಾತ್ರವಲ್ಲ.

ಗ್ಲೈಡರ್ ಎಂದರೆ ಹೊಚ್ಚಹೊಸ ಚಾಸಿ, ಹೊಚ್ಚಹೊಸ ಕ್ಯಾಬಿನ್, ಮುಂದಿನ ಆಕ್ಸಲ್, ಮಿರಿಮಿರಿ ಬಣ್ಣ. ಬಾನೆಟ್ ಎತ್ತಿದರೆ ಒಳಗೆ ಖಾಲಿ. ಎಂಜಿನ್, ಗೇರ್‌ಬಾಕ್ಸ್ ಕೊಂಡವರು ತಂದು ಕೂರಿಸಿಕೊಳ್ಳಬೇಕು. ನಮ್ಮ ಹೆದ್ದಾರಿಗಳಲ್ಲಿ ತಲೆಗೆ ಟವೆಲ್ ಸುತ್ತಿದ ಚಾಲಕರು ಮೈಯಿಲ್ಲದ ಬಸ್ ಚಾಸಿಗಳನ್ನು ಬಾಡಿ ಕಟ್ಟುವ ಶೆಡ್ಡುಗಳತ್ತ ಓಡಿಸಿಕೊಂಡು ಹೋಗುತ್ತಾರಲ್ಲ, ಅದರ ತಿರುಗುಮುರುಗು ಇದು. ಹುಟ್ಟಿಕೊಂಡದ್ದು ಒಳ್ಳೆಯ ಉದ್ದೇಶಕ್ಕೇ. ಅಪಘಾತದಲ್ಲಿ ಲಾರಿ ನುಜ್ಜುಗುಜ್ಜಾಗಿ ಎಂಜಿನ್ ಮಾತ್ರ ಉಳಿದರೆ, ಆ ಎಂಜಿನ್ ಇಳಿಸಿ ಹೊಸ ಮೈಗೆ ಕೂರಿಸಿದರಾಯಿತು. ಇದರಲ್ಲಿ ತಪ್ಪು ಹುಡುಕುವವರು ಯಾರೂ ಇರಲಿಲ್ಲ.

ತಪ್ಪು ನುಸುಳಿದ್ದು ಕಾನೂನು ಬಿಗಿಯಾದ ಮೇಲೆ. 2007 ಮತ್ತು 2010ರ ನಿಯಮಗಳಿಂದಾಗಿ ಹೊಸ ಡೀಸೆಲ್ ಎಂಜಿನ್‌ಗಳಿಗೆ ಮಸಿ ಹಿಡಿಯುವ ಫಿಲ್ಟರು, ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ ಎಲ್ಲ ಬಂದವು. ಆದರೆ ಹಳೆಯ ಎಂಜಿನ್ ಬಿಚ್ಚಿ ಮರುಜೋಡಿಸಿದರೆ ಅದಕ್ಕೆ ಅನ್ವಯಿಸುವುದು ಅದು ಹುಟ್ಟಿದ ಕಾಲದ ನಿಯಮ. ಈ ಕಿಂಡಿ ಸಾಕಾಯಿತು. ಈ ಉಪಕರಣಗಳೆಲ್ಲ ಬರುವುದಕ್ಕೆ ಮುಂಚಿನ ಡೆಟ್ರಾಯಿಟ್ ಡೀಸೆಲ್ ಸೀರೀಸ್ 60 ಎಂಜಿನ್‌ಗಳನ್ನು ಹುಡುಕಿ ಹುಡುಕಿ ತಂದು ಹೊಸ ಪೀಟರ್‌ಬಿಲ್ಟ್, ಫ್ರೈಟ್‌ಲೈನರ್ ಮೈಗಳಿಗೆ ಕೂರಿಸತೊಡಗಿದರು. ಹಿಂದೆ ವರ್ಷಕ್ಕೆ ನೂರರ ಲೆಕ್ಕದಲ್ಲಿದ್ದ ಮಾರಾಟ 2015ರ ಹೊತ್ತಿಗೆ 10,000 ದಾಟಿತ್ತೆಂದು ಇಪಿಎ ಅಂದಾಜಿಸಿತು.

ಕೊಂಡವರನ್ನೆಲ್ಲ ಖಳರೆನ್ನಲಾಗದು. ಒಂದೆರಡು ಲಾರಿಗಳ ಮಾಲೀಕನಿಗೆ ಲಾರಿ ನಿಂತರೆ ಅಂದಿನ ಅನ್ನ ನಿಂತಂತೆ. ಹೊಸ ಎಂಜಿನ್‌ಗಳಲ್ಲಿ ಸೆನ್ಸರ್ ಕೆಟ್ಟರೂ ಲಾರಿ ಶೋರೂಮಿನ ಅಂಗಳಕ್ಕೇ ಹೋಗಬೇಕು. ಸೀರೀಸ್ 60 ಆದರೆ ಪಾನಾ ಹಿಡಿಯಲು ಬಲ್ಲ ಯಾವ ಮೆಕ್ಯಾನಿಕ್ಕೂ ರಿಪೇರಿ ಮಾಡುತ್ತಾನೆ. ಬೆಲೆಯೂ ಸುಮಾರು ಕಾಲು ಭಾಗ ಕಡಿಮೆ. ಇದು ನಿಜವಾದ ಸಂಕಟ. ನಿಯಮ ಬರೆದವರು ಇದನ್ನು ಗಂಭೀರವಾಗಿ ಕೇಳಿಸಿಕೊಂಡಿದ್ದರೆ ಆ ಕಿಂಡಿ ಅಷ್ಟು ಅಗಲವಾಗುತ್ತಿರಲಿಲ್ಲ.

ಆದರೆ ಹೊಗೆಗೆ ಸಹಾನುಭೂತಿ ಗೊತ್ತಿಲ್ಲ. 2017ರಲ್ಲಿ ಇಪಿಎ ತನ್ನ ಪ್ರಯೋಗಾಲಯದಲ್ಲಿ ಗ್ಲೈಡರ್‌ಗಳನ್ನು ಪರೀಕ್ಷಿಸಿದಾಗ, ಹೆದ್ದಾರಿ ವೇಗದಲ್ಲಿ ಅವು ಹೊಸ ಲಾರಿಗಳಿಗಿಂತ ಸುಮಾರು 43 ಪಟ್ಟು ನೈಟ್ರೋಜನ್ ಆಕ್ಸೈಡ್ ಹಾಗೂ 55 ಪಟ್ಟು ಮಸಿಕಣ ಉಗುಳಿದವು. ಗ್ಲೈಡರ್‌ಗಳು ಇತರ ಲಾರಿಗಳಷ್ಟೇ ಶುದ್ಧ ಎಂದು ಹೇಳಿದ ಅಧ್ಯಯನವೂ ಒಂದಿತ್ತು. ಅದನ್ನು ನಡೆಸಿದ್ದು ಟೆನೆಸಿ ಟೆಕ್ ವಿಶ್ವವಿದ್ಯಾಲಯ. ಹಣ ಕೊಟ್ಟದ್ದು ಅದೇ ರಾಜ್ಯದ ಅತಿದೊಡ್ಡ ಗ್ಲೈಡರ್ ತಯಾರಕ ಫಿಟ್ಜ್‌ಜೆರಾಲ್ಡ್. ಮಿತಿ ತೆಗೆಯಿರೆಂದು ಅರ್ಜಿ ಹಾಕಿದವರೂ ಅವರೇ. ವಿಶ್ವವಿದ್ಯಾಲಯದ ಅಧ್ಯಾಪಕರೇ ತಿರುಗಿಬಿದ್ದ ಮೇಲೆ, ತನಿಖೆ ಮುಗಿಯುವವರೆಗೆ ಅದನ್ನು ಬಳಸಬೇಡಿರೆಂದು 2018ರ ಫೆಬ್ರುವರಿಯಲ್ಲಿ ಆಡಳಿತವೇ ಇಪಿಎಗೆ ಬರೆಯಿತು. ವೋಲ್ವೊ, ಕಮಿನ್ಸ್‌ನಂಥ ಕಂಪನಿಗಳೂ ಮಿತಿ ಉಳಿಯಲಿ ಎಂದವು. ಶುದ್ಧ ಎಂಜಿನ್‌ಗೆ ಹಣ ಸುರಿದವರು ಹಾಗೆನ್ನುವುದು ಸಹಜವೇ. ಪ್ರುಯಿಟ್ ಬಿಟ್ಟುಹೋದ ಭರವಸೆಗೆ ನ್ಯಾಯಾಲಯ ಎರಡು ವಾರದೊಳಗೆ ತಡೆ ನೀಡಿತು, ಉತ್ತರಾಧಿಕಾರಿ ಆ್ಯಂಡ್ರ್ಯೂ ವೀಲರ್ ಅದೇ ತಿಂಗಳು ಅದನ್ನು ಹಿಂಪಡೆದರು.

ಈ ಕಥೆಯನ್ನು ಭಾರತ ಈಗ ಓದಬೇಕು, ಅದೂ ಹಿಂದುಮುಂದಾಗಿ. ಇಲ್ಲಿ ನಡೆಯುತ್ತಿರುವುದು ಹಳೆಯ ಮೈಗೆ ಹೊಸ ಶಕ್ತಿ ತುಂಬುವ ಕೆಲಸ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೆ ನಿರ್ಬಂಧ ಬಂದ ಮೇಲೆ, ಎಂಜಿನ್ ಕಳಚಿ ಮೋಟರು, ಬ್ಯಾಟರಿ ಕೂರಿಸಿಕೊಳ್ಳಲು ಅಲ್ಲಿನ ಸರ್ಕಾರ 2021ರಲ್ಲಿ ದಾರಿ ತೆರೆಯಿತು. ಇಂಥ ಕಿಟ್‌ಗಳಿಗೆ ಎಐಎಸ್-123 ಎಂಬ ಮಾನದಂಡವಿದೆ, ಎಆರ್‌ಎಐಯಂಥ ಸಂಸ್ಥೆಗಳ ಪರೀಕ್ಷೆ ಇದೆ, ಆರ್‌ಸಿಯಲ್ಲಿ ಬದಲಾವಣೆ ನಮೂದಿಸಲು ಆರ್‌ಟಿಒ ಇದೆ. ಗಟ್ಟಿಮುಟ್ಟಾದ ಮೈಯನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುವುದು ವಿವೇಕದ ಮಾತೇ.

ಇಳಿಸಿದ ಎಂಜಿನ್ ಎಲ್ಲಿಗೆ ಹೋಗುತ್ತದೆ? ಇಡೀ ಚರ್ಚೆಯಲ್ಲಿ ಈ ಪ್ರಶ್ನೆ ಕೇಳಿಸುವುದೇ ಅಪರೂಪ. ದೆಹಲಿಯ ಮಾಯಾಪುರಿಯನ್ನೋ ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳನ್ನೋ ಕಂಡವರಿಗೆ ಉತ್ತರ ಊಹಿಸುವುದು ಕಷ್ಟವಲ್ಲ: ಓಡುವ ಎಂಜಿನ್‌ಗೆ ಗಿರಾಕಿ ಇದ್ದೇ ಇರುತ್ತಾನೆ. ಅದು ಜನರೇಟರ್ ಆಗಬಹುದು, ಇನ್ನೊಂದು ಊರಿನ ಇನ್ನೊಂದು ಗೂಡ್ಸ್ ಗಾಡಿಯ ಹೊಟ್ಟೆ ಸೇರಬಹುದು. ನಗರದ ಲೆಕ್ಕದಲ್ಲಿ ಕಳೆದ ಹೊಗೆ ತಾಲ್ಲೂಕಿನ ಲೆಕ್ಕಕ್ಕೆ ಕೂಡಿಕೊಳ್ಳುತ್ತದೆ. ಅಮೆರಿಕದ ಗ್ಲೈಡರ್‌ಗಳು ಬದುಕಿದ್ದೂ ಹೀಗೆ ಕಳಚಿ ಉಳಿದ ಎಂಜಿನ್‌ಗಳಿಂದಲೇ.

ಆದ್ದರಿಂದ ಕಿಟ್ ಕೂರಿಸಿ ಹೊಸ ಆರ್‌ಸಿ ಕೊಡುವಾಗಲೇ ಇಳಿಸಿದ ಎಂಜಿನ್‌ನ ಸಂಖ್ಯೆಗೂ ಲೆಕ್ಕ ಕೇಳಬೇಕು. ಬಿಎಸ್-6 ದರ್ಜೆಯದಾದರೆ ಅದೇ ದರ್ಜೆಯ ವಾಹನಕ್ಕೆ ಬಿಡಿಭಾಗವಾಗಿ ಹೋಗಲಿ. ಅದಕ್ಕಿಂತ ಹಳೆಯದಾದರೆ ನೋಂದಾಯಿತ ಗುಜರಿ ಕೇಂದ್ರದಲ್ಲಿ ಬ್ಲಾಕ್ ಒಡೆದ ಪ್ರಮಾಣಪತ್ರ ತರಲಿ. ಒಡೆದ ಕಬ್ಬಿಣಕ್ಕೆ ಓಡುವ ಎಂಜಿನ್‌ನ ಬೆಲೆ ಸಿಗುವುದಿಲ್ಲವಾದ್ದರಿಂದ ಮಾಲೀಕರಿಗೆ ಆಗುವ ನಷ್ಟವನ್ನು ವಿದ್ಯುತ್ ವಾಹನಗಳಿಗೆ ಕೊಡುವ ರಿಯಾಯಿತಿಯಲ್ಲೇ ತುಂಬಿಕೊಡಬೇಕಾಗುತ್ತದೆ.